ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ ಹುಡುಗಿ

ಭಾನುವಾರ ಊರಿಗೆ ಹೋಗಿ ಬಂದೆ. ಇನ್ನೂ ಸಿಟ್ಟು ಇಳಿದಿಲ್ಲ. ಎರಡು ದಿನ ತಡೆದುಕೊಂಡೆ, ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮೂರು ಗೌರಿಬಿದನೂರು ಕಡೆ ಅಂತ ನಿಮಗೆಲ್ಲ ಗೊತ್ತೇ ಇದೆ. ಬೆಳಿಗ್ಗೆ ಅಮ್ಮ ಕ್ಯಾನ್ ಕೈಗೆ ಕೊಟ್ಟು, "ಫಿಲ್ಟರ್ ನೀರು ಬಿಟ್ಟಿದಾರಾ ನೋಡ್ಕೊಂಡ್ ಬಾ" ಅಂದರು. ಐದು ರೂಪಾಯಿ ಕಾಯಿನ್ ಹಿಡಿದು ಹೋದೆ. ಶುದ್ಧ ನೀರಿನ ಘಟಕದ ಶಟರ್ ಅರ್ಧ ಎಳೆದಿತ್ತು. ಕಾಯಿನ್ ಹಾಕುವ ತೂತಿಗೆ ಯಾರೋ ಟೇಪ್ ಅಂಟಿಸಿದ್ದರು. ಕ್ಯಾನ್ ಇಡುವ ಕಟ್ಟೆ ಒಣಗಿ ಬಿಳಿ ಪೊರೆ ಕಟ್ಟಿತ್ತು. ಅಲ್ಲೇ ಒಬ್ಬ ಹುಡುಗಿ ಸೈಕಲ್ ಹಿಡಿದು ನಿಂತಿದ್ದಳು. ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಖಾಲಿ ಕ್ಯಾನ್ ಬಿಗಿದಿತ್ತು. ನಾಲ್ಕನೇ ಕ್ಲಾಸಂತೆ.

"ಎಷ್ಟು ದಿನ ಆಯ್ತಮ್ಮ ಇದು ಕೆಟ್ಟು?"

"ಹಬ್ಬದಿಂದಾನೂ ಹಿಂಗೇ ಆಂಟಿ. ಮೆಂಬ್ರೇನ್ ಹೋಗಿದ್ಯಂತೆ." ಮೆಂಬ್ರೇನ್ ಅಂದರೆ ಮೆಷೀನಿನೊಳಗೆ ನೀರಿನಲ್ಲಿ ಕರಗಿದ್ದನ್ನೂ ಸೋಸುವ ತೆಳು ಪದರ.

"ಮತ್ತೆ ಕುಡಿಯೋಕೆ?"

"ಭಾನುವಾರ ಪಕ್ಕದೂರಿಂದ ತರ್ತೀನಿ. ಬೇರೆ ದಿನ ಮನೆ ನಲ್ಲೀದೇ."

ಪಕ್ಕದೂರು ಅಂದರೆ ಮೂರು ಕಿಲೋಮೀಟರ್. ಬರುವಾಗ ಹಿಂದೆ ಇಪ್ಪತ್ತು ಕೆಜಿ ಭಾರ. "ಗಟ್ಟಿಗಿತ್ತಿ ಕಣೆ ನೀನು" ಅಂದೆ. ನಕ್ಕಳು. ನಕ್ಕ ಕೂಡಲೇ ಕೈ ಬಾಯಿಗೆ ಅಡ್ಡ ಬಂತು. ಅಷ್ಟರಲ್ಲೇ ಹಲ್ಲಿನ ಮೇಲಿನ ಕಂದು ಗೆರೆ ಕಂಡಿದ್ದೆ.

ಆ ಕೈ ನನಗೆ ಚೆನ್ನಾಗಿ ಗೊತ್ತು. ನಾನೂ ವರ್ಷಗಟ್ಟಲೆ ಹಾಗೇ ನಕ್ಕಿದ್ದೇನೆ.

ಇದನ್ನು ಇಲ್ಲಿ ಯಾವತ್ತೂ ಹೇಳಿರಲಿಲ್ಲ. ಕಾಲೇಜಿನಲ್ಲಿ "ಹಲ್ಲು ಉಜ್ಜಲ್ವಾ?" ಅಂತ ಕೇಳಿದವರಿದ್ದಾರೆ. ನನ್ನ ಮದುವೆ ಆಲ್ಬಮ್ಮಿನ ಒಂದು ಫೋಟೋದಲ್ಲೂ ಹಲ್ಲು ಕಾಣುವುದಿಲ್ಲ. ಕೆಲಸ ಸಿಕ್ಕ ಮೇಲೆ ದುಡ್ಡು ಕೂಡಿಸಿ ಮುಂದಿನ ಹಲ್ಲುಗಳಿಗೆ ಕ್ಯಾಪ್ ಹಾಕಿಸಿಕೊಂಡೆ. ಅದು ಕೊಳೆ ಅಲ್ಲ, ಫ್ಲೋರೈಡ್. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗ ಕುಡಿದ ನೀರಿನ ಗುರುತು. ಎಷ್ಟು ಉಜ್ಜಿದರೂ ಹೋಗಲ್ಲ. ವರ್ಷಾನುಗಟ್ಟಲೆ ಜಾಸ್ತಿ ಕುಡಿದರೆ ಮೂಳೆಗೂ ಇಳಿಯುತ್ತದೆ. ಅಪ್ಪ ಕೊನೆಕೊನೆಗೆ ಮಂಡಿ ಮಡಚಿ ಊಟಕ್ಕೆ ಕೂರುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆವು. ಈಗ ಅನುಮಾನ ಬರುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ನಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್. ಸಾವಿರ ಅಡಿ ದಾಟಿ ಕೊರೆದಾಗ, ಆ ಬಂಡೆಯ ಸೀಳುಗಳಲ್ಲಿ ಬಹಳ ಕಾಲದಿಂದ ನಿಂತಿದ್ದ ನೀರು ಮೇಲೆ ಬರುತ್ತದೆ. ಜೊತೆಗೆ ಕಲ್ಲಿನಿಂದ ಕರಗಿದ ಫ್ಲೋರೈಡೂ ಬರುತ್ತದೆ. ಘಟಕ ಕೆಟ್ಟಾಗ ಅಮ್ಮ ಆ ನೀರನ್ನೇ ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನಿಜ. ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ.

ಊರಿಗೆ ನಲ್ಲಿ ಬಂದಿಲ್ಲ ಅಂತ ನಾನು ಹೇಳುತ್ತಿಲ್ಲ. 2019ರ ಆಗಸ್ಟ್ 15ಕ್ಕೆ ಜಲ ಜೀವನ್ ಮಿಷನ್ ಘೋಷಣೆ ಆಯಿತು, ನಮ್ಮಲ್ಲಿ ಅದು 'ಮನೆ ಮನೆಗೆ ಗಂಗೆ'. ತಲೆಗೆ ದಿನಕ್ಕೆ 55 ಲೀಟರ್. ಅಮ್ಮನ ಮನೆ ಮುಂದೆಯೂ ಪೈಪು ಬಂದು ನಿಂತಿದೆ. ಬಿಂದಿಗೆ ಹೊತ್ತು ಬೀದಿ ನಲ್ಲಿಗೆ ಹೋಗುವುದು ತಪ್ಪಿತು, ಅದಕ್ಕೆ ನನಗೆ ಮನಸಾರೆ ಖುಷಿ ಇದೆ. ಆದರೆ ಅದರಲ್ಲಿ ಬರುವುದು ಅದೇ ಬೋರ್ ನೀರು. ಬೇಳೆ ಹಾಕಿದರೆ ಬೇಯಲ್ಲ. ನೀರು ನಿಯಮಿತವಾಗಿ ಬರಬೇಕು, ಕುಡಿಯಲು ಯೋಗ್ಯವೂ ಇರಬೇಕು ಅಂತ ಆ ಯೋಜನೆಯೇ ಹೇಳುತ್ತದೆ. ಊರಿನ ಐದು ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು ಅಂತಲೂ ಇದೆ. ನಮ್ಮೂರಲ್ಲಿ ವಿಚಾರಿಸಿದೆ. ಕಿಟ್ ಬಂದಿದೆ, ಬೀರುವಿನಲ್ಲಿದೆ. ತೆಗೆದು ನೋಡಿದವರು ಒಬ್ಬರೂ ಸಿಗಲಿಲ್ಲ. ನಲ್ಲಿ ಎಣಿಸಿದವರು ಅದರಿಂದ ಒಂದು ಲೋಟ ನೀರು ಹಿಡಿದು ನೋಡಬೇಕಿತ್ತು ಅಲ್ವಾ?

ಈ ಮಾತು ಎತ್ತಿದರೆ, "ಕೆರೆ ಮುಚ್ಚಿದವರೂ ನೀವೇ, ಬೋರ್ ಕೊರೆಸಿದವರೂ ನೀವೇ" ಅನ್ನುತ್ತಾರೆ. ಒಪ್ಪಿಕೊಳ್ಳುತ್ತೇನೆ. ನಮ್ಮ ದೊಡ್ಡಪ್ಪನೇ ನಾಲ್ಕು ಬೋರ್ ಕೊರೆಸಿದವರು. ಆ ಹುಡುಗಿ ಎಷ್ಟು ಕೊರೆಸಿದ್ದಾಳೆ? ಇನ್ನು ಕೆಲವರು "ಎತ್ತಿನಹೊಳೆ ಬರುತ್ತೆ, ತಾಳಿ" ಅನ್ನುತ್ತಾರೆ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಆ ಯೋಜನೆಗೆ 2014ರಲ್ಲಿ ಅಡಿಗಲ್ಲು ಹಾಕಿದರು. ಸಕಲೇಶಪುರದ ಕಡೆ ಮೊದಲ ಹಂತ ಶುರುವಾಗಿದ್ದು 2024ರ ಸೆಪ್ಟೆಂಬರಿನಲ್ಲಿ. ಅಡಿಗಲ್ಲು ಹಾಕಿದ ವರ್ಷ ಹುಟ್ಟಿದ ಮಕ್ಕಳಿಗೆ ಅಷ್ಟರಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗಿತ್ತು. ಬರಲಿ, ಬಂದ ದಿನ ನಾನೂ ಪೂಜೆ ಮಾಡುತ್ತೇನೆ. ಈಗ ಕೇಳುತ್ತಿರುವುದು ನದಿಯನ್ನಲ್ಲ, ಒಂದು ಮೆಂಬ್ರೇನ್. ಅದು ಕೆಟ್ಟಾಗ ಬಂದು ನೋಡುವ ಒಬ್ಬ ಮನುಷ್ಯ.

ಬೆಂಗಳೂರಿನಲ್ಲೂ ಕಷ್ಟ ಇದೆ ಅನ್ನುತ್ತೀರಿ, ಗೊತ್ತು. 2024ರ ಮಾರ್ಚ್‌ನಲ್ಲಿ ನಾವೂ ಟ್ಯಾಂಕರಿಗೆ ಕಾದವರೇ. ಆದರೂ ಈ ಊರಿಗೆ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಬೆಟ್ಟದಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತವೂ ಶುರುವಾಯಿತು. ಇಷ್ಟು ದೊಡ್ಡ ಕೆಲಸ ಬಲ್ಲ ರಾಜ್ಯಕ್ಕೆ ನಮ್ಮೂರಿನ ಒಂದು ಮೆಷೀನ್ ರಿಪೇರಿ ಮಾಡಿಸಲು ಬರಲ್ಲ ಅಂದರೆ ನಾನು ನಂಬುವುದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ನಿದ್ದೆ ಬರಲ್ಲ. ಆ ಮಾರ್ಚ್‌ನಲ್ಲಿ ನಾನು ಕ್ಯಾನ್ ನೀರಿನಲ್ಲಿ ಸೊಪ್ಪು ತೊಳೆದಿದ್ದೇನೆ. ಅದೇ ವಾರ ಅಮ್ಮ ಫೋನ್ ಮಾಡಿ ಘಟಕ ಕೆಟ್ಟಿದೆ ಅಂದಿದ್ದರು. "ಕುದಿಸಿ ಕುಡಿಯಮ್ಮ, ಏನಾಗಲ್ಲ" ಅಂದಿದ್ದೆ. ಆವತ್ತಿನಿಂದ ಅವರು ಕುದಿಸಿಯೇ ಕುಡಿಯುತ್ತಿದ್ದಾರೆ.

ಈ ಸಲ ನಲ್ಲಿ ನೀರನ್ನು ಒಂದು ಬಾಟ್ಲಿಯಲ್ಲಿ ತುಂಬಿಕೊಂಡು ಬಂದಿದ್ದೇನೆ. ಅಡುಗೆಮನೆ ಕಟ್ಟೆ ಮೇಲಿದೆ. ನಿನ್ನೆ ರಾತ್ರಿ ಮಗ ಆಟ ಆಡಿ ಬಂದವನು ಮುಚ್ಚಳ ತೆಗೆದು ಬಾಯಿಗೆ ಇಡುತ್ತಿದ್ದ. ಓಡಿ ಹೋಗಿ ಕಿತ್ತುಕೊಂಡೆ. "ಒಂದು ಗುಟುಕಿಗೆ ಏನಾಗುತ್ತೆ ಅಮ್ಮ?" ಅಂದ. ನನಗೆ ಮಾತೇ ಹೊರಡಲಿಲ್ಲ.

ನಾಳೆ ಲ್ಯಾಬಿಗೆ ಕೊಡುತ್ತೇನೆ. ರಿಪೋರ್ಟ್ ಬಂದ ದಿನ ಇಲ್ಲೇ ಹಾಕುತ್ತೇನೆ. ಒಂದು ಪ್ರತಿ ಪಂಚಾಯ್ತಿಗೆ ಕೊಟ್ಟು ಸಹಿ ಹಾಕಿಸಿಕೊಂಡು ಬರುತ್ತೇನೆ.