ನಿಂತಲ್ಲೇ ಕುಸಿಯುವ ಗಾಡಿ

ಕಲ್ಲು, ಕೆಸರು, ಹಳ್ಳಗಳನ್ನು ದಾಟಲೆಂದೇ ರೂಪಿಸಿದ ದೊಡ್ಡ ಫೋರ್ ವೀಲ್ ಡ್ರೈವ್ ವಾಹನವು ರಾತ್ರಿ ನಿಲ್ಲಿಸಿದಲ್ಲಿಯೇ ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲಿಗೆ ಕುಸಿದು ಕೂತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ಗಾಡಿಯ ಭಾರ ಹೊರುವ ಏರ್ ಸಸ್ಪೆನ್ಷನ್ನಿನಲ್ಲಿ ಆ ರಬ್ಬರ್ ಚೀಲ ಸಣ್ಣಗೆ ಬಿರುಕು ಬಿಟ್ಟರೂ ಗಾಳಿ ಸೋರುತ್ತದೆ. ಆ ಕೊರತೆಯನ್ನು ತುಂಬಲು ಗಾಳಿ ಒತ್ತುವ ಪಂಪು, ಅಂದರೆ ಕಂಪ್ರೆಸರ್, ಮತ್ತೆ ಮತ್ತೆ ಓಡಿ, ಕಾದು, ಕೊನೆಗೆ ತಾನೂ ಸುಟ್ಟುಹೋಗುತ್ತದೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಕಂಪ್ರೆಸರನ್ನಷ್ಟೇ ಬದಲಾಯಿಸಿದರೆ ಹೊಸದಕ್ಕೂ ಅದೇ ಗತಿ ಎಂಬುದು ಸರ್ವಿಸ್ ಸೆಂಟರಿನವರಿಗೆ ತಿಳಿಯದ ಸಂಗತಿಯೇನಲ್ಲ, ಆದರೂ ನನ್ನ ಗಾಡಿಗೆ ಅವರು ಮಾಡಿದ್ದು ಅದನ್ನೇ. ಇನ್ನು ಎಚ್ಚರಿಕೆ ದೀಪಗಳ ಕಾಟ ಬೇರೆ: ಬ್ಯಾಟರಿ ಸೊರಗಿದರೆ ಸಾಕು, ಬ್ರೇಕ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲದರ ದೀಪಗಳೂ ಒಟ್ಟಿಗೆ ಹೊತ್ತಿಕೊಂಡು, ನಿಜವಾದ ದೋಷ ಯಾವುದೆಂಬುದೇ ತಿಳಿಯದಂತಾಗುತ್ತದೆ. ಇಂಥ ವಾಹನವನ್ನು ನಂಬಿ, ಫೋನ್ ಸಿಗ್ನಲ್ ಕೂಡ ಸಿಗದ ದಾರಿಗೆ ಮನೆಯವರನ್ನು ಹೇಗೆ ಕರೆದೊಯ್ಯುವುದು?