ಮೆಟ್ಟಿಲ ಮೇಲಿನ ಪಿಯಾನೋ

ಹಾಲಿವುಡ್‌ನ ಹಾಸ್ಯ ಜೋಡಿ ಲಾರೆಲ್ ಮತ್ತು ಹಾರ್ಡಿ ನಟಿಸಿದ ‘ದಿ ಮ್ಯೂಸಿಕ್ ಬಾಕ್ಸ್’ 1932ರ ಚಿತ್ರ. ಅರ್ಧ ಗಂಟೆಯೂ ಇಲ್ಲ. ಕಥೆ ಅಂತ ಹೇಳಲು ಹೆಚ್ಚೇನಿಲ್ಲ. ದಿಣ್ಣೆಯ ಮೇಲಿನ ಮನೆಗೆ ಒಂದು ಪಿಯಾನೋ ತಲುಪಿಸಬೇಕು. ನಡುವೆ ಮೆಟ್ಟಿಲು, ಒಂದೆರಡಲ್ಲ, 133. ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್‌ನಲ್ಲಿ ಅವು ಈಗಲೂ ಇವೆ.

ಪಿಯಾನೋ ಮರದ ಪೆಟ್ಟಿಗೆಯೊಳಗಿದೆ. ಮನೆ ಸೇರುವವರೆಗೂ ಅದರ ಮುಖವನ್ನೇ ನಾವು ನೋಡುವುದಿಲ್ಲ. ಆದರೆ ಕೈತಪ್ಪಿ ಜಾರಿದಾಗಲೆಲ್ಲ ಒಳಗಿನ ತಂತಿಗಳು ಝಣಝಣ ಅಂತ ಗೊಣಗುತ್ತವೆ. ನನ್ನ ಪ್ರಕಾರ ಮೂರನೇ ನಾಯಕ ಅದೇ. ಹಾರ್ಡಿ ಬಿದ್ದರೆ ಗೋಳಾಡುವುದಿಲ್ಲ. ಸುಮ್ನೆ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ನೋಡುತ್ತಾನೆ. ‘ನೋಡಿದ್ರಾ, ಎಂಥವನ ಜೊತೆ ಹೆಣಗ್ತಿದ್ದೀನಿ’ ಅನ್ನುವ ನೋಟ. ಆ ‘ಎಂಥವನು’ ಪಕ್ಕದಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿರುತ್ತಾನೆ. ತಮಾಷೆ ಅಂದರೆ, ತೆರೆಯ ಹಿಂದೆ ನಗೆಯ ಸನ್ನಿವೇಶಗಳನ್ನು ಹೆಣೆಯುವುದರಲ್ಲಿ ಈ ಪೆದ್ದ ಲಾರೆಲ್‌ದೇ ದೊಡ್ಡ ಪಾಲು.

ಅಂತೂ ಇಂತೂ ಮೇಲೆ ಬಂದರು. ಅಲ್ಲಿ ಪೋಸ್ಟ್‌ಮ್ಯಾನ್ ಸಿಗುತ್ತಾನೆ. ಚಾರ್ಲಿ ಹಾಲ್ ಮಾಡಿದ ಪುಟ್ಟ ಪಾತ್ರ. ಇಷ್ಟೆಲ್ಲ ಯಾಕೆ ಒದ್ದಾಡಿದಿರಿ, ಗಾಡಿಗೆ ರಸ್ತೆಯೇ ಇದೆಯಲ್ಲ ಅಂತಾನೆ. ಈ ಇಬ್ಬರು ಏನು ಮಾಡಬೇಕು? ಪಿಯಾನೋವನ್ನು ಅಷ್ಟೂ ಮೆಟ್ಟಿಲು ವಾಪಸ್ ಇಳಿಸಿ, ಕುದುರೆಗಾಡಿಗೆ ಹೇರಿ, ಸುತ್ತುದಾರಿಯಲ್ಲಿ ಅದೇ ಮನೆಗೆ ತರುತ್ತಾರೆ!

ಇದನ್ನು ದಡ್ಡತನ ಅಂದುಬಿಡುವುದು ಸುಲಭ. ನನಗೇನೋ ಅದು ವಿಧೇಯತೆ ಅನಿಸುತ್ತದೆ. ಕೌಂಟರಿನಲ್ಲಿ ‘ಇದು ಹಳೇ ಫಾರ್ಮು, ಹೊಸದರಲ್ಲಿ ಬರ್ಕೊಂಡ್ ಬನ್ನಿ’ ಅಂದ ಕೂಡಲೇ ನಾವು ತುಟಿ ಪಿಟಕ್ಕೆನ್ನದೆ ಹಿಂದಿರುಗುವುದಿಲ್ವಾ? ದಾರಿ ಇದೆ ಅಂತ ಗೊತ್ತಾದ ಮೇಲೆ ದಾರಿಯಲ್ಲೇ ಬರಬೇಕು. ಕೆಲಸಗಳ್ಳರಂತೂ ಅಲ್ಲ, ಪಾಪ.

ಇಷ್ಟಾಗಿ ಮನೆಯ ಯಜಮಾನ, ಅಂದರೆ ಬಿಲ್ಲಿ ಗಿಲ್ಬರ್ಟ್‌ನ ಪ್ರೊಫೆಸರ್, ಪಿಯಾನೋ ಕಂಡರೆ ಉರಿದುಬೀಳುವ ಆಸಾಮಿ. ಹೆಂಡತಿ ಅವನ ಹುಟ್ಟುಹಬ್ಬಕ್ಕೇ ಇದನ್ನು ಕೊಂಡಿದ್ದಾಳೆ ಅನ್ನುವುದು ಅವನಿಗೆ ಗೊತ್ತಿಲ್ಲ. ಕೊಡಲಿ ಹಿಡಿದು ಕಡಿಯತೊಡಗುತ್ತಾನೆ. ಅದು ಯಂತ್ರದಿಂದ ತನ್ನಷ್ಟಕ್ಕೇ ನುಡಿಯುವ ಪಿಯಾನೋ. ನಡುವೆ ತಾನೇ ಅಮೆರಿಕದ ರಾಷ್ಟ್ರಗೀತೆ ನುಡಿಸುತ್ತದೆ. ಮೂವರೂ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಆಮೇಲೆ ಮತ್ತೆ ಕೊಡಲಿ.

ಹಾಸ್ಯ ಕಿರುಚಿತ್ರಕ್ಕೆ ಆಸ್ಕರ್ ಶುರುವಾದಾಗ ಮೊದಲ ಪ್ರಶಸ್ತಿ ಇದಕ್ಕೇ ಬಂತು. ಕೊಡದೆ ಇನ್ನೇನು ಮಾಡಿಯಾರು!