ದುಂಡು ಸಭೆಯ ಟವೆಲ್ ಕುರ್ಚಿ

ಏಪ್ರಿಲ್ ಮೊದಲ ವಾರ ನಮ್ಮ ಆಫೀಸಿನ ಹಾಲ್‌ಗೆ ಒಂದು ಬ್ಯಾನರ್ ಬಂತು. ‘ಇನ್‌ಕ್ಲೂಸಿವ್ ಗ್ರೂಪ್ ಡಿಸ್ಕಷನ್’ ಅಂತ ಕನ್ನಡ ಅಕ್ಷರದಲ್ಲೇ ಬರೆಸಿದ್ದರು. ಸ್ಟೋರ್ ನೋಡಿಕೊಳ್ಳುವ ಕಾಕಾ ಕನ್ನಡಕ ಏರಿಸಿ ಓದಿದರು.

“ಇನ್‌ಕ್ಲೂಸಿವ್ ಅಂದ್ರ ಜಿಎಸ್‌ಟಿ ಸೇರಿಸಿ ಅಂತಲ್ಲೇನ್ರಿ?”

ಅವರು ದಿನವೂ ನೋಡುವ ಕೊಟೇಶನ್‌ಗಳಲ್ಲಿ ಆ ಪದಕ್ಕೆ ಅದೊಂದೇ ಅರ್ಥ. ಇಲ್ಲ ಕಾಕಾ, ಎಲ್ಲರನ್ನೂ ಸೇರಿಸಿಕೊಂಡು ಮಾತಾಡೋದು ಅಂದೆ.

“ಹಂಗಾರ ಚಹಾದ ಹುಡುಗನ್ನ ಯಾಕ ಹೊರಗ ನಿಲ್ಲಿಸ್ಯಾರ?”

ಆಫೀಸ್ ಯಾವುದು ಅಂತ ಹೇಳೋದಿಲ್ಲ. ವಿಜಯಪುರದ್ದು, ಖಾಸಗಿಯದ್ದು, ನನ್ನ ಸಂಬಳ ಇನ್ನೂ ಅಲ್ಲೇ ಆಗುತ್ತದೆ. ಇಷ್ಟು ಸಾಕು.

ಚರ್ಚೆಯ ವಿಷಯ ಬೇಸಿಗೆ ಟೈಮಿಂಗ್. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲನ್ನು ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಮಧ್ಯಾಹ್ನ 2ಕ್ಕೆ ಹೊರಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಒಮ್ಮೆ ಕೂತು ನೋಡಬೇಕು. ಅದಕ್ಕೇ ಸರ್ಕಾರ ಕಲಬುರಗಿ ವಿಭಾಗಕ್ಕೂ, ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಈ ಎರಡು ತಿಂಗಳು ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಮಾಡುತ್ತದೆ. ಈ ಆದೇಶ ನಮ್ಮ ಸಾಹೇಬರಿಗೆ ಬಹಳ ಹಿಡಿಸಿತು. ಅಂದರೆ, ಅದರ ಮೊದಲ ಅರ್ಧ. 8ಕ್ಕೆ ಬರೋದು. ಹೋಗೋದು ಎಂದಿನ ಹಾಗೆ, ಸಂಜೆ 5.30ಕ್ಕೆ.

ಇದನ್ನು ಸುಮ್ನೆ ಆರ್ಡರ್ ಮಾಡಿದ್ದರೆ ನಾಲ್ಕು ದಿನ ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಆದರೆ ಸಾಹೇಬರು ಎಲ್ಲೋ ಟ್ರೇನಿಂಗ್‌ಗೆ ಹೋಗಿ ಬಂದಿದ್ದರು. ಈಗ ಹೊಡೆತ ತಿಂದರಷ್ಟೇ ಸಾಲದು, ಹೊಡೆಯಿರಿ ಅಂತ ನಾವೇ ಕೇಳಿಕೊಳ್ಳಬೇಕು.

ಚರ್ಚೆ ನಡೆಸಲು ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಒಬ್ಬ ಟ್ರೇನರ್ ಮೇಡಂ ಬಂದರು. ಪಾಪ, ಒಳ್ಳೆಯವರು. ಬಂದವರೇ ಟೇಬಲ್ ತೆಗೆಸಿ ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ದುಂಡಗೆ ಕೂತರೆ ಮೇಲು ಕೀಳು ಇರೋದಿಲ್ಲ ಅಂದರು. ನಾವು 15 ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಆಮೇಲೆ ಸಾಹೇಬರ ಕುರ್ಚಿ ಉರುಳಿಕೊಂಡು ಬಂತು. ಅದಕ್ಕೆ ಗಾಲಿ ಇದೆ, ಎತ್ತರದ ಬೆನ್ನಿದೆ, ಬೆನ್ನಿನ ಮೇಲೆ ನೀಲಿ ಅಂಚಿನ ಬಿಳಿ ಟವೆಲ್ ಇದೆ. ಆ ಟವೆಲ್‌ನಿಂದ ಅವರು ಮುಖ ಒರೆಸಿದ್ದನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ. ಪ್ರತಿ ಸೋಮವಾರ ಒಗೆದು, ಇಸ್ತ್ರಿ ಆಗಿ ಬರುತ್ತದೆ. ಮಡಿಕೆ ಸರಿಯಾಗಿ ಕುರ್ಚಿಯ ನಡುವೆಯೇ ಬರಬೇಕು. ಆ ಟವೆಲ್ ಬಂದು ನಿಂತದ್ದೇ ತಡ, ದುಂಡಗಿದ್ದ ಸಭೆಗೆ ತಲೆ ಬಂತು, ಬಾಲವೂ ಬಂತು. ಆಚೀಚಿನ ಕುರ್ಚಿಗಳು ಯಾರೂ ಹೇಳದೆ ಒಂದು ಗೇಣು ಹಿಂದೆ ಸರಿದವು.

ಸಾಹೇಬರು ಅನುಭವ ಮಂಟಪದಿಂದ ಶುರು ಮಾಡಿದರು. ನಮ್ಮ ಜಿಲ್ಲೆಯಲ್ಲಿ ಭಾಷಣ ಇಲ್ಲಿಂದಲೇ ಶುರುವಾಗಬೇಕು, ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮಲ್ಲೇ ಇದೆಯಲ್ಲ. 12ನೇ ಶತಮಾನದಲ್ಲೇ ನಾವು ಹೀಗೆ ಎಲ್ಲರೂ ಕೂತು ಮಾತಾಡಿದ್ದೆವು ಅಂದರು. ‘ನಾವು’ ಅಂತಲೇ ಅಂದರು. ಅಲ್ಲಿ ಶೂನ್ಯ ಸಿಂಹಾಸನದ ಮೇಲೆ ಕೂತಿದ್ದ ಅಲ್ಲಮಪ್ರಭು ಅಕ್ಕಮಹಾದೇವಿಗೆ ಪ್ರಶ್ನೆ ಕೇಳಿದರು, ಅಕ್ಕ ಎದುರು ನಿಂತು ಉತ್ತರ ಕೊಟ್ಟಳು ಅಂತ ನಾವೆಲ್ಲ ಕೇಳುತ್ತ ಬಂದಿದ್ದೇವೆ. ನಮ್ಮಲ್ಲಿ ಸಾಹೇಬರು ಭಾಷಣ ಮುಗಿಸಿ ಅಕೌಂಟ್ಸ್‌ನ ಅಕ್ಕಾರ ಕಡೆ ತಿರುಗಿ, “ಅಕ್ಕಾರ, ನೀವು ಮಿನಿಟ್ಸ್ ಬರಕೊಳ್ರಿ, ನಿಮ್ಮ ಅಕ್ಷರ ಚಂದ ಅದಾವು” ಅಂದರು. ಗಂಡ ಜಾಸ್ತಿ ಆಯ್ದು ತಂದ ಅಕ್ಕಿಯನ್ನು ವಾಪಸ್ ಸುರಿದು ಬಾ ಅಂದ ಲಕ್ಕಮ್ಮ ನಮ್ಮ ಆಫೀಸಿನಲ್ಲಿ ಇದ್ದಿದ್ದರೆ ಆಕೆಯ ಕೈಗೂ ಒಂದು ಪೆನ್ನು ಬರುತ್ತಿತ್ತು.

ಮಾತಾಡಲು ಒಂದು ನಿಯಮ. ಕೈಯಲ್ಲಿ ಚೆಂಡು ಇದ್ದವರು ಮಾತ್ರ ಮಾತಾಡಬೇಕು. ಮೇಡಂ ಚೆಂಡು ಮರೆತು ಬಂದಿದ್ದರು. ಚಹಾದ ಹುಡುಗ ಒಂದು ಲಿಂಬೆಹಣ್ಣು ತಂದುಕೊಟ್ಟ. ಇಂಡಿ ಕಡೆಯದು, ಜಿಐ ಟ್ಯಾಗ್ ಇರುವ ತಳಿ, ತೆಳು ಸಿಪ್ಪೆ. ಲಿಂಬೆಹಣ್ಣು ಸಾಹೇಬರಿಂದಲೇ ಹೊರಟಿತು. ಹೊರಟಿತು ಅನ್ನೋದು ತಪ್ಪು, 40 ನಿಮಿಷ ಅಲ್ಲೇ ಇತ್ತು. 8 ಗಂಟೆಯ ಲಾಭಗಳನ್ನು ಅವರು ಹೇಳುತ್ತ ಹೋದ ಹಾಗೆ ಹಣ್ಣು ಅವರ ಅಂಗೈಯಲ್ಲಿ ಮೆತ್ತಗಾಗುತ್ತ ಬಂತು. ಕೊನೆಗೆ ಕೈ ಬಿಟ್ಟಾಗ, ಅಮಾವಾಸ್ಯೆ ಮರುದಿನ ನಾಲ್ಕು ದಾರಿ ಕೂಡುವಲ್ಲಿ ಬಿದ್ದ ಲಿಂಬೆಹಣ್ಣು ನೋಡಿದ ಹಾಗೆ ಎಲ್ಲರೂ ನೋಡಿದರು. ಯಾರೂ ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಲಿಲ್ಲ.

“ನೀವು ಹೇಳೂದು ಬರೋಬರಿ ಐತ್ರಿ ಸರ್.”

“ಬರೋಬರಿ ಐತ್ರಿ.”

ನನ್ನ ಕೈಗೂ ಬಂತು. ಇಲ್ಲಿ ಇಷ್ಟೆಲ್ಲ ಧೈರ್ಯವಾಗಿ ಬರೆಯುತ್ತಿರುವ ನಾನು ಅಲ್ಲಿ ಹೇಳಿದ್ದು, “ಒಳ್ಳೆ ವಿಚಾರ ಸರ್.”

ಊರಿನಲ್ಲಿ ಗೋಳಗುಮ್ಮಟ ಇದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾ ಅಲ್ಲಿ ಮಲಗಿದ್ದಾನೆ. ಮೇಲಿನ ಗ್ಯಾಲರಿಯಲ್ಲಿ ಒಂದು ಸಲ ಕೂಗಿದರೆ 7 ಸಲ ಕೇಳುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ. ನಮ್ಮ ಹಾಲ್‌ನಲ್ಲಿ ಗುಮ್ಮಟ ಇಲ್ಲ, ತಗಡಿನ ಕೆಳಗೆ ಪಿಓಪಿ. ಆದರೂ ಎಣಿಸಿದೆ, 14 ಸಲ ಬಂತು. ಒಂದು ವ್ಯತ್ಯಾಸ ಇದೆ. ಗುಮ್ಮಟದಲ್ಲಿ ಟೂರ್ ಬಂದ ಶಾಲೆ ಹುಡುಗ ಕೂಗಿದರೂ ಅಷ್ಟೇ ಸಲ, ಮಂತ್ರಿ ಕೂಗಿದರೂ ಅಷ್ಟೇ ಸಲ. ಎದುರು ಗೋಡೆಗೆ ಕಿವಿ ಇಟ್ಟವನಿಗೆ ಪಿಸುಮಾತೂ ಕೇಳುತ್ತದೆ. ನಮ್ಮಲ್ಲಿ ಒಂದೇ ದನಿಗೆ ಮಾರ್ದನಿ.

ಮೇಡಂ ಸುಮ್ಮನೆ ಕೂರಲಿಲ್ಲ. ಒಂದು ಸ್ಲೈಡ್ ತೋರಿಸಿದರು. ಅಮೆರಿಕದಲ್ಲಿ 1950ರ ಆಸುಪಾಸು ಸಾಲೊಮನ್ ಆಶ್ ಅನ್ನುವವರು ಗೆರೆಗಳ ಮೇಲೆ ಪ್ರಯೋಗ ಮಾಡಿದ್ದರಂತೆ. ಯಾವ ಗೆರೆ ಯಾವುದಕ್ಕೆ ಸಮ ಅಂತ ಹೇಳಬೇಕು, ಕಣ್ಣಿಗೆ ಕಾಣುವಂಥದ್ದೇ. ಆದರೆ ಮೊದಲೇ ಹೇಳಿಕೊಟ್ಟು ಕೂರಿಸಿದವರೆಲ್ಲ ತಪ್ಪು ಉತ್ತರ ಕೊಟ್ಟರೆ, ನಡುವೆ ಸಿಕ್ಕಿಕೊಂಡ ಒಬ್ಬನೂ ಎಷ್ಟೋ ಸಲ ಅದನ್ನೇ ಹೇಳುತ್ತಿದ್ದನಂತೆ. ಜೊತೆಗೆ ಒಬ್ಬನೇ ಒಬ್ಬ ಸರಿಯಾಗಿ ಹೇಳಿದರೆ ಸಾಕು, ಇವನಿಗೂ ಬಾಯಿ ಬರುತ್ತಿತ್ತು.

ಸಾಹೇಬರು ನಕ್ಕರು. “ನಮ್ಮಲ್ಲಿ ಹಂಗಿಲ್ಲ ಬಿಡ್ರಿ. ಹೌದಿಲ್ಲೋ?”

“ಇಲ್ರಿ ಸರ್,” ಅಂತ 14 ಜನ.

ಹಾಗಾದರೆ ಹೆಸರು ಹಾಕದೆ ಚೀಟಿಯಲ್ಲಿ ಬರೆದು ಕೊಡಿ ಅಂದರು ಮೇಡಂ. ಇದು ಒಳ್ಳೆಯ ಉಪಾಯ, ಬೇರೆ ಕಡೆ ನಡೆದೀತು. ಸಾಹೇಬರು ಮೊದಲ ಚೀಟಿ ಬಿಚ್ಚಿದರು, ದೂರ ಹಿಡಿದು ನೋಡಿದರು. “ಈ ‘ಳ’ ನಮ್ಮ ಸ್ಟೋರ್ ಕಾಕಾಂದು.” ಉಳಿದ ಚೀಟಿಗಳು ಯಾರ ಯಾರ ಜೇಬಿಗೆ ಹೋದವೋ ಗೊತ್ತಿಲ್ಲ.

ಅಕೌಂಟ್ಸ್‌ನ ಅಕ್ಕಾರು ದಿನಾ ಬಸವನ ಬಾಗೇವಾಡಿಯಿಂದ ಬರುತ್ತಾರೆ. 40 ಕಿಲೋಮೀಟರ್ ಮೇಲಾಗುತ್ತದೆ. 8ಕ್ಕೆ ಇಲ್ಲಿ ಇರಬೇಕು ಅಂದರೆ ಮಗುವನ್ನು ಎಬ್ಬಿಸುವ ಮೊದಲೇ ಮನೆ ಬಿಡಬೇಕು. ಸಾಹೇಬರ ಮನೆ ಆಫೀಸಿನ ಹಿಂದಿನ ಗಲ್ಲಿಯಲ್ಲಿದೆ. ಲಿಂಬೆಹಣ್ಣು ಕೊನೆಗೆ ಅಕ್ಕಾರ ಹತ್ತಿರ ಬಂತು. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ರಿಜಿಸ್ಟರ್. ಹಣ್ಣು ಮಡಿಲಿಗೆ ಬಿತ್ತು. ಅವರು ಬಾಯಿ ತೆರೆದರು.

“ಟೈಮ್ ಆತು, ಎಲ್ಲಾರ ಅಭಿಪ್ರಾಯ ಬಂತು,” ಅಂದರು ಸಾಹೇಬರು. ಸರ್ಕ್ಯುಲರ್ ಹೊರಗೆ ಬಂತು. ಹಿಂದಿನ ದಿನದ ತಾರೀಖು ಹಾಕಿ ಟೈಪ್ ಆಗಿತ್ತು.

ನಿಜವಾದ ಮೀಟಿಂಗ್ ಆಮೇಲೆ ಗೇಟ್ ಹೊರಗಿನ ಚಹಾ ಗಾಡಿ ಹತ್ತಿರ ನಡೆಯಿತು. ಅಲ್ಲಿ ಕುರ್ಚಿಯೇ ಇಲ್ಲ, ಟವೆಲ್ ಅಂತೂ ಗಾಡಿಯವನ ಹೆಗಲ ಮೇಲಿನದು. ಕಾಕಾ ಬಸಿಯಲ್ಲಿ ಚಹಾ ಸುರಿದುಕೊಂಡು, ಊರಿನವರು 8ಕ್ಕೆ ಬಂದು 4ಕ್ಕೆ ಹೋಗಲಿ, ಬಸ್ಸಿನವರು 9.30ಕ್ಕೆ ಬಂದು 5.30ರ ತನಕ ಇರಲಿ, ಎರಡು ಪಾಳಿ ಆಯಿತಲ್ಲ ಅಂದರು. ಎಲ್ಲರೂ ಒಪ್ಪಿದರು. ವಾಚ್‌ಮನ್ ಮಾಮಾ ಒಪ್ಪಲಿಲ್ಲ, ಹಾಗಾದರೆ ಗೇಟ್ ತೆಗೆಯೋದು ಯಾರು ಅಂತ ಕೇಳಿದರು. ಅದೂ ಬಗೆಹರಿಯಿತು. ಬಸಿ ಖಾಲಿ ಆಗುವಷ್ಟರಲ್ಲಿ.

ಒಳಗೆ ಅಕ್ಕಾರು ಚಂದದ ಅಕ್ಷರದಲ್ಲಿ ಬರೆಯುತ್ತಿದ್ದರು. ‘ಎಲ್ಲರೂ ಮುಕ್ತವಾಗಿ ಮಾತನಾಡಿ ಸರ್ವಾನುಮತದಿಂದ ಒಪ್ಪಿದರು.’ ಬರೆದು ಮುಗಿಸಿ ಬಸ್ಸಿಗೆ ಓಡಿದರು.

ಸೋಮವಾರ 8 ಗಂಟೆಗೆ ಆಫೀಸಿನಲ್ಲಿ ನಾವು ಮೂವರು, ವಾಚ್‌ಮನ್ ಮಾಮಾ ಸೇರಿ. ಅಕ್ಕಾರು ಬುತ್ತಿ ಬಿಚ್ಚಿ ಎರಡು ತುತ್ತು ತಿನ್ನುತ್ತಿದ್ದರು, ಮನೆಯಲ್ಲಿ ತಿನ್ನಲು ಟೈಮ್ ಆಗಿರಲಿಲ್ಲ. ಚಿತ್ರಾನ್ನ.

“ಅದೇ ಲಿಂಬೆಹಣ್ಣೇನ್ರಿ ಅಕ್ಕಾರ?”

“ಹೌದ್ರಿ. ಇಟ್ಟಿದ್ರ ಸುಮ್ನ ಒಣಗತಿತ್ತು.”

ಸಾಹೇಬರ ಕ್ಯಾಬಿನ್ ಬಾಗಿಲು ತೆರೆದಿತ್ತು. ಕುರ್ಚಿ ಖಾಲಿ. ಟವೆಲ್ ಮಾತ್ರ ಬಂದಿತ್ತು, ಹೊಸದಾಗಿ ಇಸ್ತ್ರಿ ಆಗಿ, ಮಡಿಕೆ ಸರಿಯಾಗಿ ನಡುವೆ.